ಲೋಣಾರದ ಗಾಜು ನುಡಿದ ಸಾಕ್ಷಿ

ಕೆಲಸಕ್ಕೆ ಅಂತ ನಾಗಪುರಕ್ಕೆ ಬಂದ ಮೇಲೆ, ರಜೆ ಬಂತು ಅಂದ್ರೆ ‘ಎಲ್ಲಿಗೆ ಹೋಗೋದು?’ ಅನ್ನೋ ಪ್ರಶ್ನೆ ನಮ್ಮೆಲ್ಲರದೂ. ನಾನು ಹೋಗಿ ಬಂದ ಒಂದು ಜಾಗದ ಬಗ್ಗೆ ಇವತ್ತು ಹೇಳ್ತೀನಿ. ಬುಲ್ಡಾಣಾ ಜಿಲ್ಲೆಯ ಲೋಣಾರ. ಸಮೃದ್ಧಿ ಹೆದ್ದಾರಿಯಲ್ಲಿ ಹೋಗಿ ಮೇಹಕರ್ ಹತ್ತಿರ ಇಳಿದರೆ ದಾರಿ ಸುಲಭ.

ಅಂಚಿನಲ್ಲಿ ನಿಂತರೆ ಕೆಳಗೆ ಸುಮಾರು 1.8 ಕಿಲೋಮೀಟರ್ ಅಗಲದ ದುಂಡನೆಯ ಕುಳಿ, ತಳದಲ್ಲಿ ಉಪ್ಪುನೀರಿನ ಕೆರೆ. ಸುತ್ತ ಇರೋದೆಲ್ಲ ಲಾವಾ ಆರಿ ಆದ ಕಪ್ಪು ಬಸಾಲ್ಟ್. ನಾಗಪುರದ ಸೀತಾಬರ್ಡಿ ಗುಡ್ಡದ್ದೂ ಇದೇ ಕಲ್ಲು, ನಮ್ಮ ವಿಜಯಪುರ, ಕಲಬುರ್ಗಿಯ ಎರೆಹೊಲಗಳ ಕೆಳಗಿರೋದೂ ಇದೇ. ವಯಸ್ಸು ಸುಮಾರು 6.6 ಕೋಟಿ ವರ್ಷ. ಹಾಗಾಗಿ ಈ ಕುಳಿಯೂ ಜ್ವಾಲಾಮುಖಿಯ ಬಾಯೇ ಅಂತ ಹಲವು ಭೂವಿಜ್ಞಾನಿಗಳು ನಂಬಿದ್ದರು.

ಆ ವಾದವನ್ನ ತೀರಿಸಿದ್ದು ಗಾಜು.

ಗಾಜು ಅಂದ್ರೆ ಏನು? ಕುಲುಮೆಯಲ್ಲಿ ಮರಳು, ಸೋಡಾ, ಸುಣ್ಣ ಕರಗಿಸ್ತಾರೆ. ಕೊಳವೆಯ ತುದಿಗೆ ಜೇನಿನ ಹಾಗೆ ಅಂಟಿದ ಮುದ್ದೆಯನ್ನ ಊದಿ ಆಕಾರ ಕೊಡ್ತಾರೆ. ಅದು ಆರುವಾಗ ಅಣುಗಳಿಗೆ ಹರಳಿನಂತೆ ಸಾಲಾಗಿ ಕೂರೋಕೆ ಸಮಯ ಸಿಗಲ್ಲ. ಹೇಗಿದ್ದವೋ ಹಾಗೇ ಗಟ್ಟಿಯಾಗ್ತವೆ. ಬೇಗ ಆರಿದ ಲಾವಾ ಕೂಡ ಗಾಜಾಗುತ್ತೆ. ಹಾಗಿದ್ರೆ ಲೋಣಾರದ ಗಾಜಿನಲ್ಲಿ ಏನು ವಿಶೇಷ?

ಇಲ್ಲಿ ಸಿಕ್ಕಿದ್ದು ಮ್ಯಾಸ್ಕೆಲಿನೈಟ್. ಬಸಾಲ್ಟಿನೊಳಗಿನ ಫೆಲ್ಡ್‌ಸ್ಪಾರ್ ಹರಳು, ಹೊರಗಿನ ಆಕಾರ ಹಾಗೇ ಉಳಿದು, ಒಳಗಿನ ಜೋಡಣೆ ಮಾತ್ರ ಕುಸಿದು ಗಾಜಾಗಿದೆ. ಇದಕ್ಕೆ ಬರೀ ಬೆಂಕಿ ಸಾಲದು, ಒಂದೇ ಕ್ಷಣದಲ್ಲಿ ಬೀಳೋ ಭಾರಿ ಹೊಡೆತ ಬೇಕು. ಆ ಹೊಡೆತ ಜ್ವಾಲಾಮುಖಿಗೆ ಇಲ್ಲ, ಆಕಾಶದಿಂದ ಅಪ್ಪಳಿಸೋ ಬಂಡೆಗೆ ಇದೆ. 1973ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಲೇಖನ ಇದನ್ನ ಉಲ್ಕಾಕುಳಿ ಅಂತ ಗಟ್ಟಿ ಮಾಡ್ತು.

ಬಸಾಲ್ಟಿನಲ್ಲಿ ಆದ ಉಲ್ಕಾಕುಳಿ ಭೂಮಿಯ ಮೇಲೆ ತೀರಾ ಅಪರೂಪ. ಚಂದ್ರನ, ಮಂಗಳನ ಕುಳಿಗಳನ್ನ ಅರಿಯೋಕೆ ವಿಜ್ಞಾನಿಗಳು ಇಲ್ಲಿಗೆ ಬರ್ತಾರೆ. ನಾನು ಹೋದ ದಿನ ಕೆಲವರು ನೆನಪಿಗೆ ಅಂತ ಕಲ್ಲು ಆರಿಸಿ ಜೇಬಿಗೆ ಹಾಕ್ತಾ ಇದ್ದರು. ಕಲ್ಲು ಎಲ್ಲಿ ಬಿದ್ದಿತ್ತು, ಅದರ ಜೊತೆ ಏನಿತ್ತು ಅನ್ನೋದೇ ಅದರ ಸಾಕ್ಷಿ. ಜಾಗ ಬಿಟ್ಟರೆ ಆ ಸಾಕ್ಷಿಯ ಅರ್ಧ ಮಾತು ಅಲ್ಲೇ ನಿಂತುಹೋಗುತ್ತೆ.

ಖಂಡಿತ ಹೋಗಿ ಬನ್ನಿ, ಮಕ್ಕಳನ್ನೂ ಕರ್ಕೊಂಡು ಹೋಗಿ. ಮನೆಗೆ ಗಾಜು ಬೇಕೇ ಬೇಕು ಅಂದ್ರೆ ಪೇಟೆಯಲ್ಲಿ ಒಂದು ಡಜನ್ ಬಳೆ ತಗೊಳ್ಳಿ. ಅಲ್ಲಿನ ಕಲ್ಲು ಅಲ್ಲೇ ಇರಲಿ.