ರೈಲು ಹೋದ ಮೇಲೆ ದಾರಿ ಯಾರದು?

(ಕಾರ್ಮಿಕರ ವಾಚನಾಲಯದಲ್ಲಿ ಮಾಡಿದ ಭಾಷಣ)

ಸೈಕಲ್ಲಿನ ಮೇಲೆ ಭಾಷಣವೆಂದು ಬೋರ್ಡಿನಲ್ಲಿ ಓದಿ ನಿಮ್ಮಲ್ಲಿ ಕೆಲವರು ನಕ್ಕಿರಬಹುದು. ಮೂರು ಪಾಳಿಗೂ ಸೈಕಲ್ಲಿನಲ್ಲೇ ಗಿರಣಿಗೆ ಹೋಗಿ ಬಂದವರಿಗೆ, ಕ್ಯಾರಿಯರಿಗೆ ಗಂಟು ಕಟ್ಟಿಕೊಂಡು ಸಂತೆ ಮಾಡಿದವರಿಗೆ, ಸೈಕಲ್ಲಿನ ವಿಷಯ ನಾವು ಕಲಿಸಬೇಕಾದುದೇನೂ ಇಲ್ಲ. ನಾವು ಹೇಳಹೊರಟಿರುವುದು ದಾರಿಯ ಮಾತು.

ಗೆಳೆಯರೊಬ್ಬರ ಮಗ ಅಮೇರಿಕದ ಪಿಟ್ಸ್‌ಬರ್ಗಿನಲ್ಲಿ ಕೆಲಸದಲ್ಲಿದ್ದಾನೆ. ಅವನಲ್ಲಿಗೆ ಹೋಗಿದ್ದಾಗ ನಾವು ಮೂವರು ಬಾಡಿಗೆ ಸೈಕಲ್ಲು ಹಿಡಿದು ಗ್ರೇಟ್ ಅಲೆಗೇನಿ ಪ್ಯಾಸೇಜ್ ಎಂಬ ದಾರಿಯನ್ನು ಐದು ದಿನಗಳಲ್ಲಿ ತುಳಿದು ಮುಗಿಸಿದೆವು. ಮೇರಿಲ್ಯಾಂಡ್ ರಾಜ್ಯದ ಕಂಬರ್ಲೆಂಡಿನಿಂದ ಪಿಟ್ಸ್‌ಬರ್ಗಿನವರೆಗೆ 150 ಮೈಲಿ. ಒಂದು ಕಾಲಕ್ಕೆ ಕಲ್ಲಿದ್ದಲು, ಕೋಕು, ಉಕ್ಕು ಹೊತ್ತ ಗಾಡಿಗಳು ಓಡುತ್ತಿದ್ದ ರೈಲು ದಾರಿಯೇ ಇದರ ಬಹುಭಾಗ. ಈಗ ಅಲ್ಲಿ ಬಹುತೇಕ ಕಡೆ ಹಳಿಗಳಿಲ್ಲ. ಹಳಿಯಿದ್ದ ಜಾಗದಲ್ಲಿ ಸುಣ್ಣಕಲ್ಲಿನ ಪುಡಿ ಹಾಸಿ ಗಟ್ಟಿಮಾಡಿದ್ದಾರೆ. ಕಾರು ಲಾರಿಗಳಿಗೆ ಪ್ರವೇಶವಿಲ್ಲ. ನಡೆಯುವವರಿಗೂ ಸೈಕಲ್ಲಿನವರಿಗೂ ಚೀಟಿಯಿಲ್ಲ, ಸುಂಕವಿಲ್ಲ.

ರೈಲಿನ ಇಂಜಿನ್ನು ಕಡಿದಾದ ಏರನ್ನು ಹತ್ತಲಾರದು. ಆದ್ದರಿಂದ ಆ ಕಾಲದ ಕೂಲಿಗಾರರು ಗುಡ್ಡ ಕಡಿದರು, ತಗ್ಗು ತುಂಬಿದರು, ಬೆಟ್ಟವನ್ನೇ ಕೊರೆದರು. ಕಂಬರ್ಲೆಂಡಿನಿಂದ ಸುಮಾರು 24 ಮೈಲಿ ಒಂದೇ ಸಮ ಏರು. ಆದರೂ ನೂರು ಅಡಿ ಸಾಗಿದರೆ ಏರುವುದು ಎರಡು ಅಡಿಗೂ ಕಡಿಮೆ. ಅರವತ್ತು ದಾಟಿದ ನಮ್ಮ ಸಂಗಡಿಗರೊಬ್ಬರು ಎಲ್ಲಿಯೂ ಇಳಿದು ತಳ್ಳಲಿಲ್ಲ. ಹೆಸರು ತಿಳಿಯದ ಆ ಕೂಲಿಗಾರರ ಗುದ್ದಲಿ ಇಷ್ಟು ವರ್ಷಗಳ ಮೇಲೆ ನಮ್ಮ ಮೊಣಕಾಲುಗಳನ್ನು ಕಾಪಾಡಿತು.

ನೆತ್ತಿಯ ಹತ್ತಿರ ಬಿಗ್ ಸ್ಯಾವೇಜ್ ಎಂಬ ಸುರಂಗ, 3,294 ಅಡಿ ಉದ್ದ. ದೀಪಗಳಿದ್ದರೂ ಒಳಗೆ ಹೊಕ್ಕೊಡನೆ ಬೆವರಿದ ಮೈಗೆ ಚಳಿ ಹಿಡಿಯಿತು. ಚಳಿಗಾಲದಲ್ಲಿ ಇದರ ಬಾಗಿಲುಗಳನ್ನೇ ಮುಚ್ಚಿಬಿಡುತ್ತಾರೆ. ಅದನ್ನು ದಾಟಿದರೆ 2,392 ಅಡಿ ಎತ್ತರದ ನೆತ್ತಿ. ಅಲ್ಲಿಂದ ಮೂಡಲಿಗೆ ಬಿದ್ದ ಮಳೆ ಅಟ್ಲಾಂಟಿಕ್ಕಿಗೆ, ಪಡುವಲಿಗೆ ಬಿದ್ದದ್ದು ಮೆಕ್ಸಿಕೋ ಕೊಲ್ಲಿಗೆ. ಮುಂದೆ ಸಾಲಿಸ್ಬರಿ ಸೇತುವೆಯ ಮೇಲೆ, 1,908 ಅಡಿಯುದ್ದಕ್ಕೂ, ಅಡ್ಡಗಾಳಿ ನಮ್ಮನ್ನು ತಳ್ಳಾಡಿತು. ಮೂರನೆಯ ದಿನ ಮಳೆ ಹೊಡೆದು ಸುಣ್ಣದ ಕೆಸರು ಚೈನಿಗೆಲ್ಲ ಮೆತ್ತಿಕೊಂಡಿತು. ಅರ್ಧ ದಿನ ಕರಕರ ಸದ್ದು ಕೇಳಿಕೊಂಡೇ ತುಳಿದೆವು.

ಆ ಸಂಜೆ ಒಂದು ಸಣ್ಣ ಊರಿನಲ್ಲಿ ತಿಂಡಿಯ ಅಂಗಡಿಗೆ ನುಗ್ಗಿದೆವು. ಅಂಗಡಿಯ ಯಜಮಾನತಿ ಹೇಳಿದರು: “ರೈಲು ನಿಂತಾಗ ಬಾಗಿಲು ಹಾಕುವುದೆಂದೇ ನಿರ್ಧರಿಸಿದ್ದೆವು. ಕಾರಿನವರು ನಿಲ್ಲದೆ ಹೋಗುತ್ತಾರೆ. ಸೈಕಲ್ಲಿನವರು ಹಾಗಲ್ಲ, ಹಸಿದು ಬರುತ್ತಾರೆ, ರಾತ್ರಿ ತಂಗುತ್ತಾರೆ.” ಇಲ್ಲಿರುವ ವ್ಯಾಪಾರಿ ಮಿತ್ರರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. ಪಕ್ಕದ ಮೇಜಿನಲ್ಲಿ ಕುಳಿತಿದ್ದ ಮುದುಕರೊಬ್ಬರು, ಹಿಂದೆ ಉಕ್ಕಿನ ಕಾರ್ಖಾನೆಯಲ್ಲಿದ್ದವರು, ಮೆಲ್ಲಗೆ ಅಂದರು: “ದಾರಿ ಚೆನ್ನಾಗಿದೆ. ಆದರೆ ನನ್ನ ಮಕ್ಕಳಿಗೆ ಇಲ್ಲಿ ಕೆಲಸವಿಲ್ಲ.” ಎರಡು ಮಾತೂ ನಿಜವೇ. ಒಂದನ್ನು ಹೇಳಿ ಇನ್ನೊಂದನ್ನು ಮರೆಮಾಡಿದರೆ ನಾವು ನಿಮಗೆ ಮೋಸ ಮಾಡಿದಂತೆ.

ಏಕೆಂದರೆ ಮುಂದಿನ ದಾರಿಯೆಲ್ಲ ದುಡಿದವರ ಚರಿತ್ರೆಯೇ. ಕಾನೆಲ್ಸ್‌ವಿಲ್ ಸೀಮೆ ಕೋಕಿನ ಒಲೆಗಳಿಗೆ ಹೆಸರಾಗಿತ್ತು. ಅದರಾಚೆ ಯಾಕಿಯೋಗೇನಿ ನದಿಯ ದಂಡೆಯಲ್ಲಿ ಡಾರ್ ಗಣಿಯ ಫಲಕವಿದೆ. 1907ರ ಡಿಸೆಂಬರ್ 19ರಂದು ಆ ಗಣಿ ಸ್ಫೋಟಗೊಂಡು 239 ಜನ, ದೊಡ್ಡವರೂ ಹುಡುಗರೂ, ಸತ್ತರು. ಹೊಟ್ಟೆಪಾಡಿಗೆ ಯೂರೋಪಿನಿಂದ ಬಂದಿದ್ದವರು ಅವರಲ್ಲಿ ಬಹಳ. ಆ ದಿನ ತಮ್ಮ ಹಬ್ಬವೆಂದು ಇಗರ್ಜಿಗೆ ಹೋಗಿದ್ದವರು ಉಳಿದುಕೊಂಡರು. ನಾವು ಸೈಕಲ್ಲು ನಿಲ್ಲಿಸಿ ಸ್ವಲ್ಪ ಹೊತ್ತು ಮಾತಿಲ್ಲದೆ ನಿಂತೆವು. ಈ ನದಿಯ ಬದಿಯಲ್ಲೇ ಒಂದು ಕಡೆ ಬಂಡೆಯ ಮೇಲಿಂದ ಕೆಂಪು ನೀರು ಇಳಿಯುತ್ತದೆ. ಅದು ಪಾಳುಬಿದ್ದ ಗಣಿಗಳೊಳಗಿಂದ ಕಬ್ಬಿಣದಂಶವನ್ನು ಹೊತ್ತು ಬರುವ ನೀರು. ಲಾಭ ತೆಗೆದುಕೊಂಡವರು ಹೋದರು, ಕೆಂಪು ನೀರು ಊರಿನವರಿಗೆ ಉಳಿಯಿತು.

ಕೊನೆಯ ದಿನ ಹೋಮ್‌ಸ್ಟೆಡ್. 1892ರಲ್ಲಿ ಕಾರ್ನೆಗಿಯ ಉಕ್ಕಿನ ಕಂಪನಿಯ ಅಧ್ಯಕ್ಷ ಫ್ರಿಕ್ ಕಾರ್ಖಾನೆಗೆ ಬೀಗ ಹಾಕಿ, ಕಾರ್ಮಿಕರ ಸಂಘವನ್ನು ಮುರಿಯಲು ನದಿಯ ಮೇಲಿಂದ ದೋಣಿಗಳಲ್ಲಿ 300 ಜನ ಪಿಂಕರ್ಟನ್ ಕಾವಲುಗಾರರನ್ನು ತರಿಸಿದನು. ಜುಲೈ 6ರಂದು ಕಾರ್ಮಿಕರು ದಂಡೆಯಲ್ಲಿ ಅವರನ್ನು ತಡೆದರು. ಎರಡೂ ಕಡೆ ಸೇರಿ ಕನಿಷ್ಠ ಹತ್ತು ಜನ ಸತ್ತರು. ಆಮೇಲೆ ರಾಜ್ಯದ ಸೈನ್ಯ ಬಂತು, ಸಂಘ ಮುರಿಯಿತು. ಆ ಜಾಗದ ಪಂಪ್‌ಹೌಸ್ ಇಂದಿಗೂ ನಿಂತಿದೆ. ಸೈಕಲ್ ದಾರಿ ಅದರ ಬದಿಯಲ್ಲೇ ಹಾಯುತ್ತದೆ. ಕಾರ್ಖಾನೆ 1986ರಲ್ಲಿ ಮುಚ್ಚಿತು. ಉಳಿದಿರುವುದು ಸಾಲಾಗಿ ನಿಂತ ಹನ್ನೆರಡು ಚಿಮಣಿಗಳು. ಅವುಗಳ ಸುತ್ತ ಈಗ ದೊಡ್ಡ ಅಂಗಡಿಗಳು, ಸಿನಿಮಾ ಮಂದಿರ, ಕಾರು ನಿಲ್ಲಿಸುವ ಬಯಲು. ಭೋಂಗಾ ನಿಂತ ಮೇಲೆ ಗಿರಣಿಯ ಜಾಗಕ್ಕೆ ಏನಾಗುತ್ತದೆಂಬುದನ್ನು ಈ ಸಭೆಗೆ ಅಮೇರಿಕದಿಂದ ತಂದು ಹೇಳಬೇಕೆ?

ಮಿತ್ರರೇ, ಒಂದೇ ನದಿಯ ದಂಡೆಯಲ್ಲಿ ನಾವು ಎರಡು ಬಗೆಯ ನೆಲ ಕಂಡೆವು. ಕಾರ್ಖಾನೆಯ ನೆಲ ಕೈಬದಲಾಗಿ ಬಜಾರಾಯಿತು. ರೈಲಿನ ನೆಲ ಜನರ ದಾರಿಯಾಗಿ ಉಳಿಯಿತು. ಅದು ತಾನಾಗಿ ಉಳಿಯಲಿಲ್ಲ. 1975ರಲ್ಲಿ ವೆಸ್ಟರ್ನ್ ಮೇರಿಲ್ಯಾಂಡ್ ರೈಲ್ವೆ ಈ ದಾರಿಯಲ್ಲಿ ಓಡಾಟ ನಿಲ್ಲಿಸಿತು. ಊರೂರಿನ ಜನ ಸಂಘ ಕಟ್ಟಿ, ಸರ್ಕಾರದ ಹಣ ಕೇಳಿ ತಂದು, ತಾವೇ ಸಲಿಕೆ ಹಿಡಿದರು. 1986ರಲ್ಲಿ ಒಹಾಯೋಪೈಲ್‌ನಲ್ಲಿ ಮೊದಲ ತುಂಡು ಸಿದ್ಧವಾಯಿತು, 2013ರಲ್ಲಿ ಕೊನೆಯದು. ಇಪ್ಪತ್ತೇಳು ವರ್ಷ! ಆ ದೇಶದಲ್ಲಿ 1983ರಲ್ಲಿ ಒಂದು ಕಾನೂನೂ ಆಯಿತು. ರೈಲು ನಿಂತರೂ ದಾರಿಯನ್ನು ತುಂಡುಮಾಡದೆ ಜನರ ಓಡಾಟಕ್ಕೆ ಇಟ್ಟುಕೊಳ್ಳಬಹುದು, ಮುಂದೆ ಬೇಕಾದರೆ ಮತ್ತೆ ರೈಲು ಹಾಕಬಹುದು ಎಂಬುದು ಅದರ ತಿರುಳು. ಅಕ್ಕಪಕ್ಕದ ಜಮೀನುದಾರರು ಕೋರ್ಟಿಗೆ ಹೋದರು. 1990ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಕಾನೂನನ್ನು ಎತ್ತಿಹಿಡಿಯಿತು.

ಸೈಕಲ್ ದಾರಿ ಮುಚ್ಚಿದ ಕಾರ್ಖಾನೆಗೆ ಬದಲಿಯೆಂದು ನಾವು ಹೇಳುವುದಿಲ್ಲ. ಆ ಮುದುಕರ ಮಾತು ನಮ್ಮ ಕಿವಿಯಲ್ಲಿದೆ. ಆದರೆ ದುಡಿದವರು ಕಡಿದ ಬೆಟ್ಟದ ಮೇಲೆ ದುಡಿದವರ ಮೊಮ್ಮಕ್ಕಳು ಕಾಸು ಕೊಡದೆ ಸೈಕಲ್ಲು ತುಳಿಯುವುದನ್ನು ನಾವು ಕಣ್ಣಾರೆ ಕಂಡೆವು. ನೆಲ ಕೈಬಿಡುವ ಮೊದಲೇ ಕೇಳಿದವರಿಗೆ ಅಷ್ಟಾದರೂ ಉಳಿಯಿತು. ಕೈಬಿಟ್ಟ ಮೇಲೆ ಕೇಳಿದವರಿಗೆ ಹನ್ನೆರಡು ಚಿಮಣಿಗಳು.