ಹೆಗಲಿಗೆ ಒಗ್ಗುವ ಚೀಲ

(ಮೈಸೂರಿನಲ್ಲಿ ಛಾಯಾಗ್ರಹಣಾಸಕ್ತರ ಕೂಟವೊಂದರಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗಿನ ಆರೂವರೆಗೆ ಹೋಗಿ ನಿಂತರೆ ಎರಡು ಬಗೆಯ ಛಾಯಾಗ್ರಾಹಕರು ಕಾಣಸಿಗುತ್ತಾರೆ. ಮೊದಲನೆಯವರ ಬೆನ್ನ ಮೇಲೆ ಹಿಮಾಲಯದ ಚಾರಣಕ್ಕೆ ಹೊರಟವರಂತೆ ಒಂದು ಭಾರೀ ಚೀಲ. ಒಳಗೆ ಎರಡು ಕ್ಯಾಮೆರಾ, ನಾಲ್ಕು ಮಸೂರ. ಪಕ್ಕದಲ್ಲಿ ಕಟ್ಟಿದ ಮುಕ್ಕಾಲಿ. ಹೆಜ್ಜಾರ್ಲೆಯೊಂದು ನೀರು ಬಡಿದು ಮೇಲೇಳುವ ಹೊತ್ತಿಗೆ ಇವರು ಚೀಲ ಇಳಿಸಿ, ಬಕಲ್ ಬಿಚ್ಚಿ, ಜಿಪ್ ಎಳೆದು, ಮಸೂರ ಜೋಡಿಸಬೇಕು. ಅಷ್ಟರಲ್ಲಿ ಹಕ್ಕಿ ಆಚೆ ದಡದ ಮರ ಸೇರಿರುತ್ತದೆ. ಎರಡನೆಯವರು ಬರಿಗೈಯಲ್ಲಿ ನಡೆಯುವವರು. ಕ್ಯಾಮೆರಾ ಇದೆ, ಆದರೆ ಮನೆಯ ಬೀರುವಿನಲ್ಲಿದೆ. ಅನೇಕ ಸಲ ಇವರಿಬ್ಬರೂ ಒಬ್ಬರೇ ವ್ಯಕ್ತಿ. ನಡುವೆ ಆರು ತಿಂಗಳು ಕಳೆದಿರುತ್ತದೆ, ಅಷ್ಟೆ.

ಕ್ಯಾಮೆರಾ ಬೀರುವಿಗೆ ಸೇರುವುದಕ್ಕೆ ಆಸಕ್ತಿಯ ಕೊರತೆಗಿಂತ ಹೆಗಲುನೋವು ದೊಡ್ಡ ಕಾರಣ. ಮಸೂರದ ಗುಣಾವಗುಣಗಳನ್ನು ತಿಂಗಳುಗಟ್ಟಲೆ ಚರ್ಚಿಸುವವರು ಚೀಲವನ್ನು ಮಾತ್ರ ಅಂಗಡಿಯಲ್ಲಿ ಐದು ನಿಮಿಷದಲ್ಲಿ ಆರಿಸಿ ತರುತ್ತಾರೆ, ಇಲ್ಲವೇ ಕ್ಯಾಮೆರಾದೊಡನೆ ಉಚಿತವಾಗಿ ಬಂದದ್ದನ್ನೇ ಹೊರುತ್ತಾರೆ.

ಇದು ಕೇವಲ ಹವ್ಯಾಸಿಗಳ ಸುಖದುಃಖದ ಮಾತಲ್ಲ. 2025ರ ಏಪ್ರಿಲ್‌ನಲ್ಲಿ ಮೈಸೂರಿನ ಹೈದರ್ ಅಲಿ ರಸ್ತೆಯ 40 ಮರಗಳು ರಸ್ತೆ ಅಗಲೀಕರಣಕ್ಕೆಂದು ಉರುಳಿದವು. ಬಿದ್ದ ಮರದ ಚಿತ್ರವನ್ನು ಮರುದಿನ ಯಾರು ಬೇಕಾದರೂ ತೆಗೆಯಬಹುದು. ನಿಂತಿದ್ದ ಮರದ ಚಿತ್ರ, ಅದರ ನೆರಳಿನ ಚಿತ್ರ, ಅದರಲ್ಲಿ ಗೂಡು ಕಟ್ಟಿದ್ದ ಹಕ್ಕಿಯ ಚಿತ್ರ ಇರುವುದು ಆ ದಾರಿಯಲ್ಲಿ ಹಿಂದೆ ಎಂದೋ ಕ್ಯಾಮೆರಾ ಹಿಡಿದು ನಡೆದವರ ಬಳಿ ಮಾತ್ರ. ಕೆರೆಯಂಗಳದ ಒತ್ತುವರಿ, ಹಳ್ಳಕ್ಕೆ ಸುರಿದ ಮಣ್ಣು, ಕಡಿದ ಕೊಂಬೆ ಯಾವುವೂ ಮುನ್ಸೂಚನೆ ಕೊಟ್ಟು ನಡೆಯುವಂಥವಲ್ಲ. ದಿನವೂ ಜೊತೆಗೆ ಬರುವ ಸಾಧಾರಣ ಕ್ಯಾಮೆರಾ, ಭಾನುವಾರ ಮಾತ್ರ ಹೊರಬರುವ ಉತ್ತಮ ಕ್ಯಾಮೆರಾಕ್ಕಿಂತ ಇಲ್ಲಿ ಹೆಚ್ಚು ಉಪಯುಕ್ತ.

ಮೊದಲು ತೂಕದ ಲೆಕ್ಕ. ಮಧ್ಯಮ ದರ್ಜೆಯ ಡಿಎಸ್‌ಎಲ್‌ಆರ್ ಕ್ಯಾಮೆರಾದ ಒಡಲು ಸುಮಾರು 750 ಗ್ರಾಂ. 70–200 ಮಿ.ಮೀ.ನ ವೃತ್ತಿಪರ ಮಸೂರ ಒಂದೂವರೆ ಕಿಲೋಗೆ ಸಮೀಪ. ಹಕ್ಕಿಯ ಚಿತ್ರಕ್ಕೆಂದು ಜನಪ್ರಿಯವಾದ 150–600 ಮಿ.ಮೀ. ಮಸೂರ ಹೆಚ್ಚುಕಡಿಮೆ 2 ಕಿಲೋ. ಅದಕ್ಕೊಂದು ಸಾಮಾನ್ಯ ಮಸೂರ, ಬ್ಯಾಟರಿ, ನೀರಿನ ಬಾಟಲಿ ಸೇರಿದರೆ ಐದು ಕಿಲೋ ದಾಟುವುದು ತಿಳಿಯುವುದೇ ಇಲ್ಲ. ದಪ್ಪ ಸ್ಪಂಜು ತುಂಬಿದ ದೊಡ್ಡ ಬೆನ್ನುಚೀಲವೇ ಖಾಲಿ ಇರುವಾಗ ಎರಡು ಕಿಲೋ ತೂಗುವುದುಂಟು. ಇದಕ್ಕೆ ಹೋಲಿಸಿದರೆ ಹಿಂದಿನವರ ನಿಕಾನ್ ಎಫ್‌ಎಂ2 ಕ್ಯಾಮೆರಾದ ಒಡಲು 540 ಗ್ರಾಂ, 50 ಮಿ.ಮೀ. ಮಸೂರದೊಡನೆ ಮುಕ್ಕಾಲು ಕಿಲೋ ಎನ್ನಬಹುದು. ಬಟ್ಟೆಯ ಜೋಳಿಗೆ ಅವರಿಗೆ ಸಾಕಾಗುತ್ತಿದ್ದುದರಲ್ಲಿ ಅಚ್ಚರಿಯಿಲ್ಲ.

ಎಷ್ಟು ಹೊರಬಹುದು? 2020ರ ರಾಷ್ಟ್ರೀಯ ಶಾಲಾಚೀಲ ನೀತಿಯು ಮಗುವಿನ ಚೀಲ ಅದರ ದೇಹತೂಕದ ಶೇ. 10ನ್ನು ಮೀರಬಾರದೆಂದು ಹೇಳಿತು. ಅದು ಬೆಳೆಯುವ ಮಕ್ಕಳಿಗೆ ಹಾಕಿದ ಮಿತಿ, ನಿಜ. ಆದರೆ ಅರವತ್ತು ಕಿಲೋ ತೂಕದ ವಯಸ್ಕರು ದಿನನಿತ್ಯದ ಚೀಲವನ್ನು ಅದರ ಅರ್ಧಕ್ಕೆ, ಎಂದರೆ ಮೂರು ಕಿಲೋಗೆ ನಿಲ್ಲಿಸಿಕೊಂಡರೆ ಜಾಣತನ. ಮಕ್ಕಳ ಚೀಲ ಹಗುರಾಗಬೇಕೆಂದು ವಾದಿಸುವ ತಂದೆಯೇ ಏಳು ಕಿಲೋ ಹೊತ್ತು ಚಾಮುಂಡಿಬೆಟ್ಟದ ಮೆಟ್ಟಿಲೇರುವುದು ಮೈಸೂರಿನಲ್ಲಿ ಅಪರೂಪದ ದೃಶ್ಯವೇನಲ್ಲ.

ಭಾರ ಹೊರುವ ವಿದ್ಯೆಗೆ ಈ ಊರಿನಲ್ಲೇ ದೊಡ್ಡ ಪಾಠವೊಂದಿದೆ. ದಸರಾ ಮೆರವಣಿಗೆಯ ಚಿನ್ನದ ಅಂಬಾರಿ 750 ಕಿಲೋ ತೂಗುತ್ತದೆ. ಅದನ್ನು ಹೊರುವ ಹೊಣೆ 2020ರಲ್ಲಿ ಅರ್ಜುನನಿಂದ ಅಭಿಮನ್ಯುವಿಗೆ ಬಂದಿತು. ಆನೆಯ ಮೇಲೆ ಅಂಬಾರಿಯನ್ನು ನೇರವಾಗಿ ಇಡುವುದಿಲ್ಲ. ಮೊದಲು ನಮ್ದಾ, ಅದರ ಮೇಲೆ ಗಾದಿ, ಆಮೇಲೆ ಹಗ್ಗದ ಬಿಗಿ. ಗಾದಿ ಮೆತ್ತಗಿರುವುದು ಸುಖಕ್ಕೆಂದಷ್ಟೇ ಅಲ್ಲ; ಭಾರ ಬೆನ್ನೆಲುಬಿನ ಏಣಿನ ಮೇಲೆ ಕೂರದೆ ಎರಡೂ ಬದಿಗೆ ಹರಡಬೇಕು. ಹಗ್ಗ ಸಡಿಲವಾದರೆ ಅಂಬಾರಿ ಓಲಾಡುತ್ತದೆ, ಓಲಾಡಿದರೆ ಭಾರ ಹೆಚ್ಚಿದಂತೆ ಭಾಸವಾಗುತ್ತದೆ. ಮೆರವಣಿಗೆಗೆ ವಾರಗಳ ಮೊದಲೇ ಮರಳಿನ ಮೂಟೆ ಹೊರಿಸಿ, ತೂಕವನ್ನು ಹಂತಹಂತವಾಗಿ ಏರಿಸಿ, ಮರದ ಅಂಬಾರಿ ಕಟ್ಟಿ ನಡೆಸುತ್ತಾರೆ. ಅಗಲವಾದ ಆಸರೆ, ಮೈಗೆ ಅಂಟಿದ ಬಿಗಿತ, ಮೊದಲೇ ಹೊತ್ತು ನೋಡುವ ಅಭ್ಯಾಸ: ಕ್ಯಾಮೆರಾ ಚೀಲಕ್ಕೆ ಬೇಕಾದುದೂ ಇವೇ.

ಎರಡೂವರೆ ಸೆಂ.ಮೀ. ಪಟ್ಟಿಯ ಬದಲು ಐದು ಸೆಂ.ಮೀ. ಅಗಲದ ಪಟ್ಟಿ ಬಳಸಿದರೆ ಹೆಗಲಿನ ಮೇಲಿನ ಒತ್ತಡ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ; ಭಾರ ಅಷ್ಟೇ, ಹರಡಿಕೊಂಡ ಜಾಗ ಇಮ್ಮಡಿ. ಒಂದೇ ಹೆಗಲಿಗೆ ನೇತುಹಾಕಿದ ಚೀಲ ಜಾರದಂತೆ ತಡೆಯಲು ಮನುಷ್ಯ ಅರಿವಿಲ್ಲದೆಯೇ ಆ ಹೆಗಲನ್ನು ಮೇಲೆತ್ತಿ, ಸೊಂಟವನ್ನು ಇನ್ನೊಂದು ಬದಿಗೆ ಬಾಗಿಸಿ ನಡೆಯುತ್ತಾನೆ. ಸಂಜೆಯ ಕತ್ತುನೋವಿನ ಮೂಲ ಅದೇ. ಪಟ್ಟಿಯನ್ನು ಎದೆಗೆ ಅಡ್ಡಲಾಗಿ, ಜನಿವಾರದಂತೆ ಹಾಕಿಕೊಂಡರೆ ಚೀಲ ಜಾರುವುದಿಲ್ಲ; ಗಂಟೆಗೊಮ್ಮೆ ಬದಿ ಬದಲಿಸಿದರೆ ಇನ್ನೂ ಲೇಸು. ಮೂರು ಕಿಲೋವರೆಗೆ ಈ ಬಗೆಯ ಪಕ್ಕಚೀಲವೇ ಸಾಕು. ಅದಕ್ಕಿಂತ ಹೆಚ್ಚಾದರೆ ಬೆನ್ನುಚೀಲ. ಐದು ದಾಟಿತೆಂದರೆ ಸೊಂಟಪಟ್ಟಿ ಇರಲೇಬೇಕು. ಅದೂ ಬಟ್ಟೆಯ ದಾರದಂಥದ್ದಲ್ಲ, ಸೊಂಟದ ಎಲುಬಿನ ಮೇಲೆ ಭಾರ ಕೂರಿಸಬಲ್ಲ ಗಟ್ಟಿ ಪಟ್ಟಿ. ಭಾರವಾದ ಮಸೂರ ಬೆನ್ನಿಗೆ ತಾಗುವಂತಿರಬೇಕು. ಹೊರಬದಿಯ ಜೇಬಿನಲ್ಲಿಟ್ಟರೆ ಅದು ಮನುಷ್ಯನನ್ನು ಹಿಂದಕ್ಕೆ ಎಳೆಯುತ್ತಲೇ ಇರುತ್ತದೆ.

ಇಳಿಸುವ ಮಾತನ್ನು ಮಾರಾಟಗಾರರು ಹೇಳುವುದೇ ಇಲ್ಲ. ಹಳೆಯ ಮೈಸೂರು ಸೀಮೆಯ ದಾರಿಗಳ ಬದಿಯಲ್ಲಿ ಇಂದಿಗೂ ಅಲ್ಲೊಂದು ಇಲ್ಲೊಂದು ಹೊರೆಗಲ್ಲು ಉಳಿದಿದೆ. ತಲೆಹೊರೆಯವರು ಯಾರ ನೆರವೂ ಇಲ್ಲದೆ ಹೊರೆ ಇಳಿಸಿ ಮತ್ತೆ ಹೊರಲು ಅನುಕೂಲವಾದ ಎತ್ತರದ ಕಲ್ಲು ಅದು. ಹೊರುವುದಕ್ಕಿಂತ ಎತ್ತಿ ಇಳಿಸುವುದೇ ಕಷ್ಟವೆಂದು ಅದನ್ನು ನೆಟ್ಟವರಿಗೆ ತಿಳಿದಿತ್ತು. ಬೆನ್ನುಚೀಲದ ದೋಷವೂ ಇದೇ: ಕ್ಯಾಮೆರಾ ತೆಗೆಯಲು ಪ್ರತಿಸಲವೂ ಅದನ್ನು ನೆಲಕ್ಕಿಳಿಸಬೇಕು. ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಆ ಒದ್ದೆ ನೆಲದ ಮೇಲೆ ಚೀಲವಿಡಲು ಯಾರಿಗೂ ಮನಸ್ಸಾಗದು. ಪಕ್ಕದ ಜಿಪ್ಪಿನಿಂದ ಕೈಹಾಕಬಹುದಾದ ಬೆನ್ನುಚೀಲ, ಇಲ್ಲವೇ ಬಗಲಿನಿಂದ ಮುಂದಕ್ಕೆ ಸರಿದು ಬರುವ ಪಕ್ಕಚೀಲ ಅಂಥಲ್ಲಿ ಮೇಲು. ತಳ ಗಟ್ಟಿಯಾಗಿ, ತಾನೇ ನೆಟ್ಟಗೆ ನಿಲ್ಲುವಂತಿರಬೇಕು. ರಂಗನತಿಟ್ಟಿನ ದೋಣಿಯಲ್ಲಿ ಕುಳಿತವರಿಗೆ ಇದರ ಬೆಲೆ ಗೊತ್ತು. ಅಲ್ಲಿ ಎದ್ದು ನಿಲ್ಲುವಂತಿಲ್ಲ. ಚೀಲ ತೊಡೆಯ ಮೇಲಿರಬೇಕು, ಒಂದು ಕೈಯಲ್ಲಿ ತೆರೆಯುವಂತಿರಬೇಕು, ‘ಚರ್’ ಎಂದು ಸದ್ದು ಮಾಡುವ ವೆಲ್‌ಕ್ರೋ ಇರಬಾರದು. ಗೂಡಿನಲ್ಲಿ ಕುಳಿತ ಕೊಕ್ಕರೆಗೆ ಆ ಸದ್ದು ಅನವಶ್ಯಕ.

ಹೊರದೇಶದ ಇತಿಹಾಸವೂ ಇದನ್ನೇ ಹೇಳುತ್ತದೆ. ಇಂಗ್ಲೆಂಡಿನ ಬಿಲಿಂಗ್‌ಹ್ಯಾಂ ಸಂಸ್ಥೆ 1970ರ ದಶಕದಲ್ಲಿ ಹೊಲಿಯುತ್ತಿದ್ದುದು ಮೀನು ಹಿಡಿಯುವವರ ಚೀಲ. ಅವನ್ನು ಛಾಯಾಗ್ರಾಹಕರು ಕೊಳ್ಳುತ್ತಿದ್ದಾರೆಂಬುದು ತಿಳಿದ ಮೇಲೆಯೇ ಅದು ಕ್ಯಾಮೆರಾ ಚೀಲದತ್ತ ತಿರುಗಿತು. ಅದೇ ದಶಕದಲ್ಲಿ ಅಮೆರಿಕದ ಪತ್ರಿಕಾ ಛಾಯಾಗ್ರಾಹಕ ಜಿಮ್ ಡಾಂಕಿ, ಗಡಸು ಪೆಟ್ಟಿಗೆಗಳಿಂದ ಬೇಸತ್ತು ಮೆತ್ತನೆಯ ಕ್ಯಾನ್ವಾಸ್ ಚೀಲವೊಂದನ್ನು ರೂಪಿಸಿದ. ಎರಡರಲ್ಲೂ ಸ್ಪಂಜು ಕಡಿಮೆ, ಮೈಗೆ ಒಗ್ಗುವ ಗುಣ ಹೆಚ್ಚು. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರ ಬದುಕಿನಲ್ಲೂ ಗಾಳ ಮತ್ತು ಕ್ಯಾಮೆರಾ ಜೊತೆಜೊತೆಗೇ ಇದ್ದವೆಂಬುದನ್ನು ಇಲ್ಲಿ ನೆನೆಯಬಹುದು. ಕಾಯುವವರ ಚೀಲಗಳೆಲ್ಲ ಒಂದೇ ಬಗೆಯವಿರಬೇಕು!

ಇನ್ನು ಮಳೆ ಮತ್ತು ಬೂಷ್ಟು. ಮೈಸೂರಿನ ವಾರ್ಷಿಕ ಮಳೆ 800 ಮಿ.ಮೀ. ಆಸುಪಾಸು; ಆಗುಂಬೆಯದು 7,000 ಮಿ.ಮೀ.ಗೂ ಮಿಗಿಲು. ಮೈಸೂರಿನಲ್ಲಿ ಕೊಂಡ ಚೀಲ ಆಷಾಢದಲ್ಲಿ ಘಟ್ಟ ಹತ್ತಿದರೆ ಬೇರೆಯೇ ಲೋಕ ಸೇರಿದಂತೆ. ಶಿಲೀಂಧ್ರದ ಬೀಜಕಣಗಳು ಗಾಳಿಯಲ್ಲಿ ಎಲ್ಲೆಲ್ಲೂ ಇವೆ. ಮಸೂರದ ಮೇಲೆ ಕೂತ ಧೂಳು, ಬೆರಳಿನ ಜಿಡ್ಡು ಅದಕ್ಕೆ ಆಹಾರ. ಸಾಪೇಕ್ಷ ಆರ್ದ್ರತೆ ಶೇ. 65–70ನ್ನು ಮೀರಿ ದಿನಗಟ್ಟಲೆ ನಿಂತಿತೆಂದರೆ ಅವು ಮೊಳೆಯುತ್ತವೆ. ಜೇಡರಬಲೆಯಂಥ ಎಳೆಗಳು ಒಸರುವ ಆಮ್ಲ ಗಾಜಿನ ಮೇಲಿನ ಲೇಪವನ್ನೇ ಕೊರೆಯುತ್ತದೆ. ಆ ಮೇಲೆ ಒರೆಸಿದರೂ ಕಲೆ ಹೋಗದು.

ಬಿತ್ತನೆ ಬೀಜ ಕಾಪಿಡುವವರಿಗೆ ಈ ಸಮಸ್ಯೆ ಹೊಸದಲ್ಲ. ಒಣಗಿಸಿದ ಬೀಜವನ್ನು ಗಾಳಿಯಾಡದ ಡಬ್ಬಿಯಲ್ಲಿ ತೇವಹೀರುವ ವಸ್ತುವಿನೊಡನೆ ಇಡುವುದು ಅವರ ಕ್ರಮ. ಮುಖ್ಯವಾದುದು ‘ಗಾಳಿಯಾಡದ’ ಎಂಬ ಮಾತು. ಬಟ್ಟೆಯ ಚೀಲದಲ್ಲಿ ನಾಲ್ಕು ಸಿಲಿಕಾ ಜೆಲ್ ಪೊಟ್ಟಣ ಹಾಕಿ ನಿಶ್ಚಿಂತರಾಗುವುದು, ಬಾಗಿಲು ತೆರೆದಿಟ್ಟು ಕೋಣೆ ಬಿಸಿ ಮಾಡಲು ಹೊರಟಂತೆ. ಒಂದೆರಡು ದಿನದಲ್ಲೇ ಪೊಟ್ಟಣ ತುಂಬಿಹೋಗುತ್ತದೆ. ಚೀಲ ಪ್ರಯಾಣಕ್ಕೆ ಮಾತ್ರ. ಮನೆಗೆ ಬಂದ ಕೂಡಲೇ ಕ್ಯಾಮೆರಾ ರಬ್ಬರ್ ಅಂಚಿನ ಬಿಗಿ ಡಬ್ಬಿಗೆ, ಚೀಲ ಬಾಯಿ ತೆರೆದು ಗಾಳಿಗೆ. ಡಬ್ಬಿಯೊಳಗೆ ಆರ್ದ್ರತೆ ಶೇ. 40–50 ಇದ್ದರೆ ಸರಿ. ಅಳೆಯುವ ಪುಟ್ಟ ಮಾಪಕ ದುಬಾರಿಯೇನಲ್ಲ. ನೀಲಿ ಬಣ್ಣದ ಜೆಲ್‌ನಲ್ಲಿ ವಿಷಕಾರಿ ಕೋಬಾಲ್ಟ್ ಕ್ಲೋರೈಡ್ ಇರುವುದರಿಂದ ಕಿತ್ತಳೆ ಬಣ್ಣದ್ದನ್ನು ಆರಿಸುವುದು ಒಳ್ಳೆಯದು. ಚರ್ಮದ ಚೀಲ ನೋಡಲು ಸೊಗಸು, ಆದರೆ ಮಲೆನಾಡಿನ ಮಳೆಗಾಲದಲ್ಲಿ ಅದೇ ಬೂಷ್ಟಿನ ಬೇಸಾಯಭೂಮಿ.

ನೈಲಾನ್ ಚೀಲಗಳ ಒಳಮೈಗೆ ಬಳಿದ ಪಾಲಿಯುರಿಥೇನ್ ಲೇಪವೂ ತೇವದಲ್ಲಿ ವರ್ಷಾನುಗಟ್ಟಲೆ ಇದ್ದರೆ ವಿಭಜನೆಗೊಂಡು ಬೆಲ್ಲದ ಪಾಕದಂತೆ ಅಂಟಂಟಾಗುತ್ತದೆ, ಬಳಿಕ ಹೊಟ್ಟಿನಂತೆ ಉದುರುತ್ತದೆ. ಹೊರಮೈಯಲ್ಲಿ ನೀರು ಮುತ್ತಾಗಿ ಜಾರಲು ಬಳಸುತ್ತ ಬಂದ ಫ್ಲೋರಿನ್ ರಾಸಾಯನಿಕಗಳ ಕಥೆ ಇನ್ನೂ ಕಹಿ. ಅವು ಮಣ್ಣಿನಲ್ಲೂ ನೀರಿನಲ್ಲೂ ಕೊಳೆಯುವುದಿಲ್ಲ. ಈ ಗುಂಪಿನ ಪಿಎಫ್‌ಒಎಸ್ 2009ರಲ್ಲಿಯೂ ಪಿಎಫ್‌ಒಎ 2019ರಲ್ಲಿಯೂ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿದವು. ಕೆರೆಯ ಚಿತ್ರ ತೆಗೆಯಲು ಹೊತ್ತ ಚೀಲವೇ ಕೆರೆಗೆ ವಿಷವಾಗುವುದು ವಿಪರ್ಯಾಸ. ಮಳೆಗೆ ಪ್ರತ್ಯೇಕ ಹೊದಿಕೆಯೊಂದು ಸಾಕು. ನಾಟಿಯ ಹೆಂಗಸರ ಗೊರಬು ಇದಕ್ಕೆ ಮಾದರಿ: ತಲೆಬೆನ್ನುಗಳನ್ನು ಮುಚ್ಚುತ್ತದೆ, ಎರಡೂ ಕೈಗಳನ್ನು ಬಿಡುವಾಗಿಡುತ್ತದೆ, ಕೆಲಸ ಮುಗಿದರೆ ಕಳಚಿಡಬಹುದು.

ದಪ್ಪ ಹತ್ತಿಯ ಕ್ಯಾನ್ವಾಸ್ ತಂದು ಪರಿಚಿತ ದರ್ಜಿಯಿಂದ ಹೊಲಿಸುವ ದಾರಿಯೂ ಇದೆ. ಒಳಗಿನ ಗೋಡೆಗಳಿಗೆ ಹಳೆಯ ಯೋಗ ಚಾಪೆಯ ತುಂಡು, ಪಟ್ಟಿಗೆ ಜೀಪಿನ ಸೀಟ್‌ಬೆಲ್ಟಿನಂಥ ನೇಯ್ಗೆ. ಪಟ್ಟಿ ಚೀಲವನ್ನು ಕೂಡುವೆಡೆ ಚೌಕದೊಳಗೆ ಅಡ್ಡಗೆರೆ ಹಾಕಿ ಇಮ್ಮಡಿ ಹೊಲಿಗೆ ಕೇಳಬೇಕು. ಚೀಲ ಸೋಲುವುದು ಹೆಚ್ಚಾಗಿ ಅಲ್ಲಿಯೇ. ಕಂಪನಿಯ ಹೆಸರು ಮೆರೆಯದ ಸಾದಾ ಚೀಲವಾದ್ದರಿಂದ ದಸರಾ ಜನಜಂಗುಳಿಯಲ್ಲಿ ಕಳ್ಳನ ಕಣ್ಣಿಗೂ ಬೀಳದು.

ಅಂಗಡಿಯಲ್ಲೇ ಕೊಳ್ಳುವವರು ತಮ್ಮ ಸಲಕರಣೆಗಳನ್ನೆಲ್ಲ ಒಯ್ದು ಅಲ್ಲಿಯೇ ತುಂಬಿ ನೋಡಬೇಕು. ಅಂಗಡಿಯವರು ಒಪ್ಪದಿದ್ದರೆ ಅಷ್ಟೇ ತೂಕದ ಅಕ್ಕಿಯನ್ನು ಹಳೆಯ ಚೀಲವೊಂದಕ್ಕೆ ತುಂಬಿ, ಚಾಮುಂಡಿಬೆಟ್ಟದ ಮೆಟ್ಟಿಲುಗಳನ್ನು ನಂದಿಯವರೆಗೆ ಹತ್ತಿ ಬರಬಹುದು. ಎಷ್ಟು ಕಿಲೋ ಮನೆಯಲ್ಲಿ ಬಿಡಬೇಕೆಂಬುದು ನಂದಿಗೆ ತಲುಪುವ ಮೊದಲೇ ಗೊತ್ತಾಗುತ್ತದೆ.