ನೂಲು ನಮ್ಮದು, ಹೊತ್ತೂ ನಮ್ಮದು
(ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಉಳಿತಾಯ, ಸಾಲ, ಮರುಪಾವತಿ, ಲೆಕ್ಕಪುಸ್ತಕ - ಇವುಗಳ ಬಗ್ಗೆ ನಾವು ಪ್ರತಿ ಸಭೆಯಲ್ಲೂ ಮಾತನಾಡುತ್ತೇವೆ. ಇವತ್ತು ಸ್ವಲ್ಪ ಬೇರೆ ವಿಷಯ: ಹೆಣಿಗೆ ಮತ್ತು ಕ್ರೋಶಾ. ಉಲ್ಲನ್ ಟೋಪಿ, ಸ್ವೆಟರ್, ಬಾಗಿಲ ತೋರಣ, ಟೇಬಲ್ ಕ್ಲಾತ್, ಮಗುವಿನ ಕುಲಾವಿ. ನಿಮ್ಮಲ್ಲಿ ಹಲವರಿಗೆ ಇದು ಬರುತ್ತದೆ. ಶಾಲೆಯಲ್ಲಿ ಕಲಿತವರಿದ್ದೀರಿ, ಅಮ್ಮನಿಂದ, ಅಕ್ಕನಿಂದ ಕಲಿತವರಿದ್ದೀರಿ. ಮದುವೆಯಾಗಿ ಮಕ್ಕಳಾದ ಮೇಲೆ ಕಡ್ಡಿ ಪೆಟ್ಟಿಗೆ ಸೇರಿತು, ಅಷ್ಟೆ.

ಸಂಘಗಳಲ್ಲಿ ಈ ವಿಷಯ ಎತ್ತಿದಾಗಲೆಲ್ಲ ನಾವು ಎರಡು ಪ್ರಶ್ನೆ ಕೇಳುತ್ತೇವೆ. ಒಂದು, "ಸಿಸ್ಟರ್, ಸುಮ್ಮನೆ ಕೂತು ಹೆಣೆದರೆ ಮನೆಯವರು ಏನು ಹೇಳ್ತಾರೆ?" ಇನ್ನೊಂದು, "ಇದರಿಂದ ತಿಂಗಳಿಗೆ ಎಷ್ಟು ಸಿಕ್ತದೆ?" ಎರಡೂ ನ್ಯಾಯವಾದ ಪ್ರಶ್ನೆಗಳೇ.

ಸಂತೋಷವೂ ಬೇಕು

ಬೆಳಿಗ್ಗೆ ಐದಕ್ಕೆ ಎದ್ದವಳು ರಾತ್ರಿ ಹತ್ತಕ್ಕೆ ಮಲಗುತ್ತಾಳೆ. ಮಾಡಿದ ಅಡುಗೆ ಮುಗಿದುಹೋಗುತ್ತದೆ, ತೊಳೆದ ಪಾತ್ರೆ ಮತ್ತೆ ಮುಸುರೆಯಾಗುತ್ತದೆ, ಗುಡಿಸಿದ ಅಂಗಳದಲ್ಲಿ ಮತ್ತೆ ಎಲೆ ಬೀಳುತ್ತದೆ. ದಿನವಿಡೀ ದುಡಿದರೂ "ಇದು ನಾನು ಮಾಡಿದ್ದು" ಎಂದು ತೋರಿಸಲು ಏನೂ ಉಳಿಯುವುದಿಲ್ಲ. ಹೆಣೆದದ್ದು ಹಾಗಲ್ಲ. ಇವತ್ತು ನಾಲ್ಕು ಸಾಲು ಹಾಕಿದರೆ ನಾಳೆ ಬೆಳಿಗ್ಗೆಯೂ ಆ ನಾಲ್ಕು ಸಾಲು ಅಲ್ಲೇ ಇರುತ್ತವೆ. ಅದನ್ನು ನೋಡುವುದೇ ಒಂದು ಸಮಾಧಾನ.

ತಪ್ಪಿದರೂ ಚಿಂತೆಯಿಲ್ಲ. ಬಟ್ಟೆಯನ್ನು ತಪ್ಪಾಗಿ ಕತ್ತರಿಸಿದರೆ ಹೋಯಿತು. ಹೆಣಿಗೆಯಲ್ಲಿ ನೂಲು ಎಳೆದು ಬಿಚ್ಚಬಹುದು, ಮತ್ತೆ ಹಾಕಬಹುದು. ಮಕ್ಕಳಿಗೆ ಚಿಕ್ಕದಾದ ಕೈಹೆಣಿಗೆಯ ಸ್ವೆಟರನ್ನೂ ಬಿಚ್ಚಿ, ನೂಲನ್ನು ಲಡಿ ಮಾಡಿ ತೊಳೆದು, ನೆರಳಲ್ಲಿ ಒಣಗಿಸಿದರೆ ಹೊಸ ಟೋಪಿಗೆ ಸಾಕಾಗುತ್ತದೆ.

ಹೊಸಬರು ಕ್ರೋಶಾದಿಂದ ಶುರು ಮಾಡುವುದು ಸುಲಭ. ಒಂದೇ ಕಡ್ಡಿ, ಒಂದೇ ನೂಲು. ಮೊದಲು ಚೈನ್, ಆಮೇಲೆ ಸಿಂಗಲ್, ಡಬಲ್. ಇಷ್ಟು ಬಂದರೆ ಒಂದು ಚೌಕ ಆಗುತ್ತದೆ. ಕಲಿಯುವಾಗ ಕಪ್ಪು ನೂಲು ಬೇಡ, ಕುಣಿಕೆ ಕಾಣುವುದಿಲ್ಲ. ತಿಳಿ ಬಣ್ಣದ, ಸ್ವಲ್ಪ ದಪ್ಪ ನೂಲು ತೆಗೆದುಕೊಳ್ಳಿ. ಸೆಖೆಯ ಊರಿಗೆ ಹತ್ತಿ ನೂಲು, ಘಟ್ಟದ ಮೇಲಿನ ಚಳಿಗೆ ಉಲ್ಲನ್.

ನಲವತ್ತು ದಾಟಿದವರಿಗೆ ಹತ್ತಿರದ್ದು ಮಸುಕಾಗಿ ಕಾಣುವುದು ಸಹಜ. "ನನ್ನ ಕೈಯಲ್ಲಿ ಆಗುವುದಿಲ್ಲ" ಎಂದು ಕಡ್ಡಿ ಕೆಳಗಿಡುವ ಮೊದಲು ಕಣ್ಣು ಪರೀಕ್ಷೆ ಮಾಡಿಸಿ. ಅರ್ಧ ಗಂಟೆಗೊಮ್ಮೆ ಎದ್ದು ಕುತ್ತಿಗೆ, ಭುಜ, ಬೆರಳು ಆಡಿಸಿ.

ಕೂಡಿ ಹೆಣೆಯುವುದು

ಮನೆಯಲ್ಲಿ ಒಬ್ಬಳೇ ಹೆಣೆದರೆ ಒಂದು ಸುಖ. ನಾಲ್ಕು ಜನ ಕೂತು ಹೆಣೆದರೆ ಇನ್ನೊಂದು. ಕೈ ಕೆಲಸ ಮಾಡುತ್ತಿರುವಾಗ ಬಾಯಿ ತೆರೆದುಕೊಳ್ಳುತ್ತದೆ. ಮುಖಕ್ಕೆ ಮುಖ ಕೊಟ್ಟು "ನಿನ್ನ ಕಷ್ಟ ಹೇಳು" ಎಂದರೆ ಹೇಳದವಳು, ನೂಲು ನೋಡುತ್ತಾ ಮೆಲ್ಲಗೆ ಹೇಳುತ್ತಾಳೆ. ಗಂಡನ ಕುಡಿತ, ಮಗಳ ಓದು, ತನ್ನ ಬೆನ್ನು ನೋವು ಎಲ್ಲ ಅಲ್ಲಿ ಹೊರಗೆ ಬರುತ್ತದೆ. ಸಭೆಯಲ್ಲಿ ಎಂದೂ ಬಾಯಿ ಬಿಡದ ಸದಸ್ಯೆ ಅಲ್ಲಿ ಇನ್ನೊಬ್ಬರಿಗೆ ಕುಣಿಕೆ ಹೇಳಿಕೊಡುವ ಟೀಚರ್ ಆಗುತ್ತಾಳೆ. ಹಾಗೆ ಕಲಿಸಿದವಳು ಮುಂದಿನ ಸಭೆಯಲ್ಲೂ ಮಾತನಾಡುತ್ತಾಳೆ.

ಒಬ್ಬೊಬ್ಬರು ಒಂದೊಂದು ಚೌಕ ಹಾಕಿ ಜೋಡಿಸಿದರೆ ಕಂಬಳಿಯಾಗುತ್ತದೆ. 2016ರಲ್ಲಿ ಚೆನ್ನೈಯಲ್ಲಿ ಹೀಗೆ ಬೇರೆ ಬೇರೆ ಊರಿನ ಮಹಿಳೆಯರು ಹಾಕಿದ ಚೌಕಗಳನ್ನು ಜೋಡಿಸಿ, 11 ಸಾವಿರ ಚದರ ಮೀಟರಿಗಿಂತ ದೊಡ್ಡ ಕ್ರೋಶಾ ಕಂಬಳಿ ಮಾಡಿದರು. ಅದು ಗಿನ್ನೆಸ್ ದಾಖಲೆಯಾಯಿತು. ನಮಗೆ ದಾಖಲೆ ಬೇಡ. ಹಾಸಿಗೆ ಹಿಡಿದ ಒಬ್ಬ ಸದಸ್ಯೆಗೆ ಒಂದು ಕಂಬಳಿ ಸಾಕು. ತೂಕ ಕಡಿಮೆಯಿರುವ ಹಸುಗೂಸಿನ ತಲೆಯಿಂದ ಮೈಯ ಶಾಖ ಬೇಗ ಹೋಗುತ್ತದೆ, ಟೋಪಿ ಅದನ್ನು ತಡೆಯುತ್ತದೆ. ಮೆತ್ತಗಿನ ನೂಲಿನಲ್ಲಿ, ಗುಂಡಿ, ದಾರ ಇಲ್ಲದೆ ಹಾಕಿ. ಹೆರಿಗೆ ಆಸ್ಪತ್ರೆಗೆ ಕೊಡುವುದಾದರೆ ಅಲ್ಲಿನ ನರ್ಸ್ ಹತ್ತಿರ ಎಂಥದ್ದು ಬೇಕೆಂದು ಮೊದಲೇ ಕೇಳಿ.

ಮಾರುವುದಾದರೆ ಲೆಕ್ಕ ಇಡಿ

ಈಗ ಎರಡನೆಯ ಪ್ರಶ್ನೆ. ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು.

ಆಂಧ್ರಪ್ರದೇಶದ ಗೋದಾವರಿ ತೀರದಲ್ಲಿ ನರಸಾಪುರ ಎಂಬ ಊರಿದೆ. 19ನೇ ಶತಮಾನದಲ್ಲಿ ಹೊರದೇಶದ ಮಿಷನರಿಗಳು ಅಲ್ಲಿನ ಬಡ ಹೆಂಗಸರಿಗೆ ಕ್ರೋಶಾ ಲೇಸ್ ಕಲಿಸಿದರು. ಮುಂದೆ ಅದು ವಿದೇಶಕ್ಕೆ ಹೋಗುವ ದೊಡ್ಡ ವ್ಯಾಪಾರವಾಯಿತು. ಮರಿಯಾ ಮೀಸ್ ಎಂಬ ಜರ್ಮನ್ ಸಮಾಜಶಾಸ್ತ್ರಜ್ಞೆ ಅಲ್ಲಿ ಅಧ್ಯಯನ ಮಾಡಿ 1982ರಲ್ಲಿ ಪುಸ್ತಕ ಪ್ರಕಟಿಸಿದರು. ಅವರು ಕಂಡದ್ದೇನು? ಹೆಂಗಸರು ಮನೆಗೆಲಸದ ಜೊತೆಗೆ ದಿನಕ್ಕೆ ಹಲವು ಗಂಟೆ ಲೇಸ್ ಹಾಕುತ್ತಿದ್ದರು. ಆದರೆ ಅವರನ್ನು ಯಾರೂ ಕೆಲಸಗಾರರು ಎಂದು ಎಣಿಸಲಿಲ್ಲ. "ಇವರು ಗೃಹಿಣಿಯರು, ಬಿಡುವಿನಲ್ಲಿ ಹಾಕುತ್ತಾರೆ" ಎಂಬ ಮಾತು. ಹಾಗಾಗಿ ಕೂಲಿಯೂ ತೀರಾ ಕಡಿಮೆ. ಹೂವು ಹಾಕುವವರು ಒಬ್ಬರು, ಜೋಡಿಸುವವರು ಇನ್ನೊಬ್ಬರು, ಮಾರುವವರು ಮತ್ತೊಬ್ಬರು. ಲಾಭ ವ್ಯಾಪಾರಿಗಳಿಗೆ ಹೋಯಿತು. ನರಸಾಪುರದ ಲೇಸಿಗೆ 2024ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಸಂತೋಷವೇ. ಆದರೆ ಗುರುತು ಲೇಸಿಗೆ ಸಿಕ್ಕರೆ ಸಾಲದು, ಹಾಕಿದ ಕೈಗೂ ಸಿಗಬೇಕು.

ಹಾಗಾದರೆ ಲೆಕ್ಕ ಹೇಗೆ? ಒಂದು ತೋರಣಕ್ಕೆ 200 ರೂಪಾಯಿ ನೂಲು, 20 ಗಂಟೆ ಕೆಲಸ ಎಂದಿಟ್ಟುಕೊಳ್ಳಿ. ಅಂಗಡಿಯವರು 400 ರೂಪಾಯಿ ಕೊಟ್ಟರೆ ಕೈಗೆ ಉಳಿಯುವುದು 200. ಅಂದರೆ ಗಂಟೆಗೆ 10 ರೂಪಾಯಿ, ಎಂಟು ಗಂಟೆ ಕೂತರೆ 80 ರೂಪಾಯಿ. ಯಾವ ತೋಟದ ಕೆಲಸಕ್ಕೆ ಇಷ್ಟು ಕಡಿಮೆಗೆ ನೀವು ಹೋಗುತ್ತೀರಿ? "ಹೇಗೂ ಟೀವಿ ನೋಡ್ತಾ ಹಾಕಿದ್ದಲ್ವಾ" ಎಂದು ಯಾರಾದರೂ ಹೇಳಿದರೆ, ಹಾಕಿದ್ದು ನಮ್ಮ ಕೈ ಎಂದು ಉತ್ತರಿಸಿ. ಸ್ವೆಟರ್ ಹೆಣೆಯಲು ಮೆಷಿನ್ ಇದೆ. ನಿಜವಾದ ಕ್ರೋಶಾ ಕೈಯಿಂದಲೇ ಆಗಬೇಕು. ಅದಕ್ಕೆ ಬೆಲೆ ಇದೆ.

ಆದ್ದರಿಂದ ನಮ್ಮ ಸಲಹೆ ಇಷ್ಟು:

1. ಸಂತೋಷಕ್ಕೆ ಹಾಕುವುದನ್ನೂ ಮಾರಾಟಕ್ಕೆ ಹಾಕುವುದನ್ನೂ ಬೇರೆ ಬೇರೆ ಇಡಿ. ಎಲ್ಲವನ್ನೂ ಮಾರಬೇಕೆಂದಿಲ್ಲ. ಮೊಮ್ಮಗಳ ಕುಲಾವಿಗೆ ಗಂಟೆಯ ಲೆಕ್ಕ ಬೇಡ.

2. ಮಾರುವ ವಸ್ತುವಿಗೆ ಒಂದು ಚೀಟಿ ಇಡಿ: ನೂಲಿಗೆ ಎಷ್ಟು, ಗಂಟೆ ಎಷ್ಟು. ಬೆಲೆ ಸಂಘದಲ್ಲಿ ಕೂತು ನಿರ್ಧರಿಸಿ. ಒಬ್ಬಳು ಕಡಿಮೆಗೆ ಕೊಟ್ಟರೆ ಎಲ್ಲರ ಬೆಲೆ ಇಳಿಯುತ್ತದೆ.

3. ಕೊಳ್ಳುವವರು ಯಾರೆಂದು ಗೊತ್ತಾಗುವ ಮೊದಲು ನೂಲಿಗಾಗಿ ದೊಡ್ಡ ಸಾಲ ಮಾಡಬೇಡಿ. ಮೊದಲು ನಾಲ್ಕು ಮಾದರಿ ಮಾಡಿ ತೋರಿಸಿ.

4. ತಿಂಗಳಿಗೊಮ್ಮೆ, ಉಳಿತಾಯದ ಲೆಕ್ಕ ಮುಗಿದ ಮೇಲೆ, ಒಂದು ಗಂಟೆ ಒಟ್ಟಿಗೆ ಹೆಣೆಯಿರಿ. ಆ ಹೊತ್ತಿನಲ್ಲಿ ಸಾಲದ ಮಾತು ಬೇಡ.

ಮನೆಯವರು ಏನು ಹೇಳ್ತಾರೆ ಎಂದು ಕೇಳಿದಿರಲ್ಲ? ಗಂಡಸರು ಸಂಜೆ ಕಟ್ಟೆಯ ಮೇಲೆ ಕೂತು ಮಾತನಾಡಿದರೆ ಯಾರೂ ಏನೂ ಹೇಳುವುದಿಲ್ಲ. ನಮಗೂ ಒಂದು ಗಂಟೆ ನಮ್ಮದೆನ್ನುವ ಹೊತ್ತು ಉಂಟು. ಅದನ್ನು ಯಾರಿಂದಲೂ ಬೇಡುವುದು ಬೇಡ, ಹಂಚಿಕೊಂಡು ಬಳಸೋಣ. ಮುಂದಿನ ಸಭೆಗೆ ಬರುವಾಗ ಪಾಸ್‌ಪುಸ್ತಕದ ಜೊತೆಗೆ ಒಂದು ಕಡ್ಡಿ, ಒಂದು ಉಂಡೆ ನೂಲು ತನ್ನಿ. ಬರುವವರು ಬಾರದವರಿಗೆ ಕಲಿಸಿ.